ಪ್ರಶ್ನೆ ಎಲ್ಲರ ಎದುರು, ಉತ್ತರ ಮಾತ್ರ ಗುಟ್ಟಾಗಿ ಯಾಕೆ?

ನಿನ್ನೆ ರಾತ್ರಿ ಸರಿಯಾಗಿ ನಿದ್ದೆ ಬರಲಿಲ್ಲ. ಸಿಟ್ಟು ಇನ್ನೂ ಇಳಿದಿಲ್ಲ. ಇಳಿಯುವ ಮೊದಲೇ ಬರೆದುಬಿಡುತ್ತೇನೆ.

ನಮ್ಮ ಅಡಿಕೆ ಬೆಳೆಗಾರರ ವಾಟ್ಸಾಪ್ ಗುಂಪಿನ ಬಗ್ಗೆ ಹಿಂದೆಯೂ ಇಲ್ಲಿ ಹೇಳಿದ್ದೆ. ಸಾಗರ, ಸಿರ್ಸಿ, ತೀರ್ಥಹಳ್ಳಿ, ಪುತ್ತೂರು, ಎಲ್ಲ ಕಡೆಯವರೂ ಇದ್ದಾರೆ. ಒಂಬೈನೂರು ಜನ ದಾಟಿದೆ. ನಿನ್ನೆ ಸಂಜೆ ಏಳರ ಹೊತ್ತಿಗೆ ಒಬ್ಬ ಹುಡುಗ ಫೋಟೋ ಹಾಕಿದ. ಮರದ ಬುಡದ ತುಂಬಾ ಹಸಿ ಕಾಯಿ ಉದುರಿವೆ. ಅವುಗಳ ಮೇಲೆ ಬಿಳಿ ಬೂಸ್ಟು. ಕೊಳೆ, ಅಂದರೆ ಮಳೆಗಾಲದಲ್ಲಿ ಅಡಿಕೆ ಕಾಯಿ ಕೊಳೆತು ಉದುರುವ ರೋಗ. "ಮೊದಲ ಔಷಧಿ ಹೊಡೆಸಿ 42 ದಿನ ಆಯ್ತು. ಎರಡನೇದಕ್ಕೆ ಮಳೆ ಬಿಡ್ತಾನೇ ಇಲ್ಲ. ಮಳೆ ಮಧ್ಯದಲ್ಲಿ ಹೊಡೆಸಿದ್ರೆ ನಿಲ್ಲುತ್ತಾ? ಉದುರಿದ ಕಾಯಿ ಏನು ಮಾಡ್ಲಿ? ಅಪ್ಪ ಹೋದ ಮೇಲೆ ಇದು ನಂಗೆ ಮೊದಲ ಮಳೆಗಾಲ" ಅಂತ ಬರೆದಿದ್ದ.

ಅರ್ಧ ಗಂಟೆಯಲ್ಲಿ ಹದಿನಾಲ್ಕು ಉತ್ತರ ಬಂತು. ನಾನು ಎಣಿಸಿದೆ. ಅದರಲ್ಲಿ ಐದು ಬರೀ ಬಾಟಲಿಯ ಫೋಟೋ. ಆರು ಜನ "ನಮ್ಮ ಹತ್ತಿರ ಶಾಶ್ವತ ಪರಿಹಾರ ಇದೆ, ಪರ್ಸನಲ್ ಮೆಸೇಜ್ ಮಾಡಿ" ಅಂದರು. ಒಬ್ಬರು ತಮ್ಮ ಯೂಟ್ಯೂಬ್ ಚಾನೆಲ್‌ನ ಲಿಂಕ್ ಹಾಕಿದರು. ತೆರೆದು ನೋಡಿದೆ, ಅದು ಅಡಿಕೆ ಸುಲಿಯುವ ಯಂತ್ರದ ವಿಡಿಯೋ. ಉಳಿದ ಇಬ್ಬರು ಕೈ ಮುಗಿದ ಚಿತ್ರ ಹಾಕಿದರು. ಹುಡುಗ ಕೇಳಿದ ಎರಡು ಪ್ರಶ್ನೆಗೆ ಒಬ್ಬರೂ ಒಂದು ಸಾಲಿನ ಉತ್ತರ ಕೊಡಲಿಲ್ಲ.

ಒಂಬತ್ತೂವರೆಗೆ ನಮ್ಮ ಗುಂಪಿನ ಹಿರಿಯರೊಬ್ಬರು ಮೂರು ನಿಮಿಷದ ವಾಯ್ಸ್ ಕಳಿಸಿದರು. ಎಪ್ಪತ್ತು ದಾಟಿದವರು. "ತಮ್ಮಾ, ಮೊದಲು ಉದುರಿದ್ದೆಲ್ಲ ಹೆಕ್ಕಿ ತೋಟದಿಂದ ಹೊರಗೆ ಹಾಕು. ಕೊಳೆ ಹತ್ತಿದ ಕೊನೆ ಮರದಲ್ಲೇ ಬಿಡಬೇಡ, ಇಳಿಸು. ಹೊಳವು ಸಿಕ್ಕ ಕೂಡಲೇ ಬೋರ್ಡೋ ಹೊಡೆಸು, ರಾಳದ ಅಂಟು ಸೇರಿಸು" ಅಂತ ಶುರು ಮಾಡಿ, ಅಳತೆ ಸಮೇತ ಎಲ್ಲ ಹೇಳಿದರು. (ಕೊನೆ ಅಂದರೆ ಅಡಿಕೆ ಗೊಂಚಲು, ಹೊಳವು ಅಂದರೆ ಮಳೆ ನಡುವಿನ ಬಿಡುವು, ಬೋರ್ಡೋ ಅಂದರೆ ಮೈಲುತುತ್ತ ಮತ್ತು ಸುಣ್ಣದ ಔಷಧಿ. ಅಂಟು ಅದು ಮಳೆಗೆ ತೊಳೆದು ಹೋಗದಿರಲಿ ಅಂತ.) ಅದಾದ ಹತ್ತು ನಿಮಿಷಕ್ಕೆ ಮತ್ತೆ ಒಂಬತ್ತು ಪೋಸ್ಟರ್. ಹನಿ ನೀರಾವರಿ, ಬೇಲಿ ತಂತಿ, ಸೈಟು. ಬೆಳಿಗ್ಗೆ ಫೋನ್ ತೆಗೆದವರಿಗೆ ಆ ವಾಯ್ಸ್ ಕಾಣಲೇ ಇಲ್ಲ.

ನನ್ನ ಸಿಟ್ಟು ಪೋಸ್ಟರ್ ಮೇಲೆ ಅಷ್ಟಿಲ್ಲ. ಪೋಸ್ಟರ್ ಅಂದರೆ ಪೋಸ್ಟರ್, ನೋಡಿದ ಕೂಡಲೇ ಗೊತ್ತಾಗುತ್ತದೆ. ನನಗೆ ತಡೆಯಲಾಗದ್ದು ಆ "ಪರ್ಸನಲ್ ಮೆಸೇಜ್ ಮಾಡಿ". ಪ್ರಶ್ನೆ ಕೇಳಿದ್ದು ಒಂಬೈನೂರು ಜನರ ಎದುರು. ಅದೇ ಕೊಳೆ, ಅದೇ ಮಳೆ ಇನ್ನೂ ನೂರು ತೋಟದಲ್ಲಿ ಇದೆ. ಉತ್ತರ ಗೊತ್ತಿದ್ದರೆ ಅಲ್ಲೇ ಹೇಳಬೇಕಲ್ವಾ? ಪಕ್ಕಕ್ಕೆ ಕರೆದು ಕಿವಿಯಲ್ಲಿ ಹೇಳುವಂಥದ್ದು ಅದರಲ್ಲಿ ಏನಿದೆ?

ನಮ್ಮ ಕಸುಬಿನ ಜ್ಞಾನ ಬೆಳೆದು ಬಂದಿದ್ದೇ ಎಲ್ಲರೆದುರು ಹೇಳಿ ಹೇಳಿ. ಮೊದಲೆಲ್ಲ ಕೊಳೆಗೆ ಕೊಟ್ಟೆ ಕಟ್ಟುತ್ತಿದ್ದರು. ಕರಡದ ಹುಲ್ಲಿನಲ್ಲಿ ಹೆಣೆದ ಕೊಟ್ಟೆಯನ್ನು ಪ್ರತಿ ಕೊನೆಗೂ ಹೊದಿಸಬೇಕಿತ್ತು. ಕೆನಡಾದ ವಿಜ್ಞಾನಿ ಲೆಸ್ಲಿ ಕೋಲ್ಮನ್ ಮೈಸೂರು ಸಂಸ್ಥಾನದ ಕೆಲಸಕ್ಕೆ ಬಂದು, ಮಲೆನಾಡಿನ ತೋಟಗಳಲ್ಲಿ ಈ ರೋಗ ನೋಡಿ, 1910ರಲ್ಲಿ ಅದರ ಬಗ್ಗೆ ಪ್ರಕಟಿಸಿದರು. ರೋಗಕ್ಕೆ ನಮ್ಮವರು ಇಟ್ಟ ಕೊಳೆರೋಗ ಅನ್ನುವ ಹೆಸರನ್ನೇ ಇಂಗ್ಲಿಷಿನಲ್ಲೂ ಉಳಿಸಿಕೊಂಡರು. ಫ್ರಾನ್ಸಿನ ದ್ರಾಕ್ಷಿ ತೋಟಗಳಲ್ಲಿ 1880ರ ದಶಕದಲ್ಲಿ ಬಳಕೆಗೆ ಬಂದ ಬೋರ್ಡೋ ದ್ರಾವಣ ನಮ್ಮ ಅಡಿಕೆ ಕೊನೆಗೆ ಬಂದಿದ್ದು ಅವರ ಕೆಲಸದಿಂದ. 1 ಕೇಜಿ ಮೈಲುತುತ್ತ (ತಾಮ್ರದ ಸಲ್ಫೇಟ್), 1 ಕೇಜಿ ಸುಣ್ಣ, 100 ಲೀಟರ್ ನೀರು. ತುತ್ತದ ನೀರನ್ನು ಸುಣ್ಣದ ನೀರಿಗೆ ಸುರಿಯಬೇಕು, ಉಲ್ಟಾ ಅಲ್ಲ. ಕತ್ತಿ ಅದ್ದಿ ನೋಡಬೇಕು, ಕೆಂಪು ಹಿಡಿದರೆ ಸುಣ್ಣ ಸಾಲದು. ಇದನ್ನು ನನಗೆ ಹೇಳಿಕೊಟ್ಟವರು ನಮ್ಮ ಮನೆಗೆ ಔಷಧಿ ಹೊಡೆಯಲು ಬರುತ್ತಿದ್ದ ಕೊನೆಗೌಡರು, ಅಂದರೆ ಅಡಿಕೆ ಮರ ಹತ್ತುವ ಕಸುಬಿನವರು. ಒಂದು ಪೈಸೆ ಕೇಳಲಿಲ್ಲ. ಪಕ್ಕದ ಮನೆಯವರೂ ನಿಂತು ಕೇಳಿಸಿಕೊಂಡರು.

"ಅವರಿಗೂ ಹೊಟ್ಟೆಪಾಡು ಇದೆ" ಅಂತ ನಿಮ್ಮಲ್ಲಿ ಕೆಲವರು ಹೇಳುತ್ತೀರಿ, ಗೊತ್ತು. ಸಣ್ಣ ನರ್ಸರಿಯವರು, ಮನೆಯಲ್ಲೇ ಸೆಗಣಿ-ಗಂಜಲದ ಜೀವಾಮೃತ ಮಾಡಿ ಮಾರುವವರು, ಇವರೆಲ್ಲ ಪತ್ರಿಕೆಗೆ ಜಾಹೀರಾತು ಕೊಡುವುದು ಹೇಗೆ? ಮಾತು ಸರಿ. ನಾನೂ ನರ್ಸರಿಯವಳೇ, ನಿಮಗೆ ಗೊತ್ತಲ್ಲ. ಮಾರಬೇಡಿ ಅಂತ ನಾನು ಹೇಳುತ್ತಿಲ್ಲ. ಮೊದಲು ಉತ್ತರ ಹೇಳಿ, ಆಮೇಲೆ ಅಂಗಡಿ ತೋರಿಸಿ. ಇಷ್ಟೇ. ಉತ್ತರ ಹೇಳಿಬಿಟ್ಟರೆ ಯಾರೂ ನಮ್ಮ ಹತ್ತಿರ ಕೊಳ್ಳುವುದಿಲ್ಲ ಅನ್ನುವ ಹಾಗಿದ್ದರೆ, ಆ ಬಾಟಲಿಯ ಒಳಗೆ ಏನಿದೆ ಅಂತ ನನಗೆ ಅನುಮಾನ ಬರುತ್ತದೆ.

ಒಳಗೆ ಏನಿದೆ ಅಂತ ಕೇಳುವುದು ತಪ್ಪೂ ಅಲ್ಲ. ರೋಗಕ್ಕೆ ಹೊಡೆಯುವ ಔಷಧಿಯೂ 1968ರ ಕೀಟನಾಶಕ ಕಾಯ್ದೆಯ ಕೆಳಗೇ ಬರುತ್ತದೆ. ಅದಕ್ಕೆ ನೋಂದಣಿ ಬೇಕು, ಮಾರುವವರಿಗೆ ಲೈಸೆನ್ಸ್ ಬೇಕು, ಒಳಗೇನಿದೆ ಅಂತ ಲೇಬಲ್‌ನಲ್ಲಿ ಇರಬೇಕು. ನಿನ್ನೆಯ ಐದು ಬಾಟಲಿಯ ಫೋಟೋ ಹಿಗ್ಗಿಸಿ ನೋಡಿದೆ. ಎರಡರಲ್ಲಿ ಹಸಿರು ಎಲೆಯ ಚಿತ್ರ ಮತ್ತು "100% ಸಾವಯವ" ಅನ್ನುವುದು ಬಿಟ್ಟರೆ ಏನೂ ಇರಲಿಲ್ಲ. ಗುಂಪಿನಲ್ಲೇ ಕೇಳಿದೆ. "ಮೇಡಂ, ಪರ್ಸನಲ್ ಬನ್ನಿ, ವಿವರ ಕೊಡ್ತೀವಿ" ಅಂದರು. ಮತ್ತೆ ಅದೇ.

ಈಗ ಒಂದು ವಿಷಯ ಹೇಳಬೇಕು. ಇಷ್ಟು ವರ್ಷ ಯಾರಿಗೂ ಹೇಳಿರಲಿಲ್ಲ.

2019ರಲ್ಲಿ ಇದೇ ಗುಂಪಿನಲ್ಲಿ ಸೊರಬದ ಕಡೆಯವರೊಬ್ಬರು, ಕಾಳುಮೆಣಸಿನ ಬಳ್ಳಿ ಸೊರಗು ರೋಗಕ್ಕೆ ಸಾಯುತ್ತಿದೆ, ಏನು ಮಾಡಲಿ ಅಂತ ಕೇಳಿದರು. ಆಗ ನನ್ನ ನರ್ಸರಿಯಲ್ಲಿ ಹಿಪ್ಪಲಿ ಗಿಡಕ್ಕೆ ಮೆಣಸು ಕಸಿ ಕಟ್ಟಿದ ಗಿಡ ಜಾಸ್ತಿ ಉಳಿದಿತ್ತು. ಮಳೆ ಶುರುವಾದ ಮೇಲೆ ಗಿಡ ಬೇಗ ಹೋಗದಿದ್ದರೆ ನಷ್ಟ. "ನನ್ನ ಹತ್ತಿರ ಸೊರಗು ಬಾರದ ಗಿಡ ಇದೆ, ಫೋನ್ ಮಾಡಿ" ಅಂತ ಬರೆದೆ. ಅವರು ಮಾಡಿದರು. 150 ಗಿಡ ತಗೊಂಡು ಹೋದರು.

ನಾನು ಹೇಳಿದ್ದು ಸುಳ್ಳಲ್ಲ. ಆ ಹಿಪ್ಪಲಿ ದಕ್ಷಿಣ ಅಮೆರಿಕದ ಜೌಗು ನೆಲದ ಗಿಡ. ಅದರ ಬೇರಿಗೆ ಸೊರಗು ರೋಗ ತಡೆಯುವ ಶಕ್ತಿ ಇದೆ. ಅದಕ್ಕೇ ಅದರ ಮೇಲೆ ಮೆಣಸಿನ ಕುಡಿ ಕಸಿ ಕಟ್ಟುತ್ತೇವೆ. ಆದರೆ ಜೌಗಿನ ಗಿಡಕ್ಕೆ ಬೇಸಿಗೆಯಲ್ಲಿ ನೀರು ತಪ್ಪಬಾರದು. ನನಗೆ ಅದು ಗೊತ್ತಿತ್ತು. ಅವರು ಕೇಳಲಿಲ್ಲ, ನಾನು ಹೇಳಲಿಲ್ಲ. ಅವರು ನೆಟ್ಟಿದ್ದು ನೀರಿಲ್ಲದ ಮೇಲಿನ ದಿಬ್ಬದಲ್ಲಿ. ಮರುವರ್ಷ ಏಪ್ರಿಲ್‌ನಲ್ಲಿ ಫೋನ್ ಬಂತು. "ಅಕ್ಕ, ಬಳ್ಳಿ ಒಂದೂ ಉಳಿಲಿಲ್ಲ" ಅಂದರು. ಬೈಯಲಿಲ್ಲ. "ನಮ್ಮ ಮಣ್ಣೇ ಸರಿ ಇಲ್ಲ ಅನ್ಸುತ್ತೆ" ಅಂತ ಅವರೇ ಹೇಳಿಕೊಂಡರು. ಅದನ್ನು ಕೇಳಿ ನನಗೆ ಮಾತೇ ಹೊರಡಲಿಲ್ಲ. ದುಡ್ಡು ವಾಪಸ್ ಕಳಿಸಿದೆ. ಅವರ ಹಾಳಾದ ಒಂದು ವರ್ಷವನ್ನು ಎಲ್ಲಿಂದ ವಾಪಸ್ ಕೊಡಲಿ?

ಅವತ್ತು ಗುಂಪಿನಲ್ಲೇ ಪೂರ್ತಿ ಬರೆದಿದ್ದರೆ ಏನಾಗುತ್ತಿತ್ತು ಅಂತ ಎಷ್ಟೋ ಸಲ ಯೋಚಿಸಿದ್ದೇನೆ. ಆಗಲೇ ಹಿಪ್ಪಲಿ ಕಸಿ ನೆಟ್ಟು ಕೈ ಸುಟ್ಟುಕೊಂಡವರು ಅಲ್ಲಿ ನಾಲ್ಕಾರು ಜನ ಇದ್ದರು. ಒಬ್ಬರಾದರೂ "ಮಾರಾಯ್ರೇ, ನಿಮ್ಮಲ್ಲಿ ಬೇಸಿಗೆ ನೀರು ಇದೆಯಾ?" ಅಂತ ಕೇಳುತ್ತಿದ್ದರು. ಆ ಒಂದು ಪ್ರಶ್ನೆ ಸಾಕಿತ್ತು. ಗುಂಪಿನಿಂದ ನಮಗೆ ಸಿಗುವುದೇ ಅದು. ಒಬ್ಬರು ಹೇಳಿದ್ದನ್ನು ಇನ್ನೊಬ್ಬರು ತಿದ್ದುತ್ತಾರೆ. ಪರ್ಸನಲ್ ಮೆಸೇಜಿನಲ್ಲಿ ತಿದ್ದುವವರು ಯಾರೂ ಇಲ್ಲ. ಅಲ್ಲಿ ಮಾರುವವರು ಮತ್ತು ಕಷ್ಟದಲ್ಲಿ ಇರುವವರು, ಇಬ್ಬರೇ.

ಇದಕ್ಕೆ ಅಡ್ಮಿನ್ ಮಾತ್ರ ಮೆಸೇಜ್ ಹಾಕುವ ಹಾಗೆ ಮಾಡಿಬಿಡಿ ಅನ್ನುವವರೂ ಇದ್ದಾರೆ. ಬೇಡ. ಹಾಗಾದರೆ ನಿನ್ನೆಯ ಹುಡುಗ ಎಲ್ಲಿ ಹೋಗಿ ಕೇಳಬೇಕು?

ಪುತ್ತೂರಿನ ರೈತರು ಸೇರಿ 1988ರಲ್ಲಿ ಶುರು ಮಾಡಿದ 'ಅಡಿಕೆ ಪತ್ರಿಕೆ'ಯನ್ನು ನಮ್ಮ ಮನೆಯಲ್ಲಿ ಮಾವ ತರಿಸುತ್ತಿದ್ದರು. ಕೃಷಿಕರ ಕೈಗೆ ಲೇಖನಿ ಕೊಡಬೇಕು ಅನ್ನುವುದು ಅದರ ಆಸೆ. ಬೆಳೆಗಾರರೇ ತಮ್ಮ ಅನುಭವ ಬರೆಯುತ್ತಿದ್ದರು. ಎಷ್ಟು ಖರ್ಚಾಯಿತು, ಎಲ್ಲಿ ಸೋತರು, ಎಲ್ಲ ಇರುತ್ತಿತ್ತು. ನಾನು ಓದಿದ ಎಷ್ಟೋ ಬರಹಗಳ ಕೊನೆಯ ಸಾಲಿನಲ್ಲಿ ಒಂದು ಫೋನ್ ನಂಬರ್. ಅಷ್ಟು ಹೊತ್ತಿಗೆ ಓದಿದವರ ಕೈಗೆ ವಿಷಯ ಸಿಕ್ಕಾಗಿರುತ್ತಿತ್ತು. ಫೋನ್ ಮಾಡುವುದು, ಬಿಡುವುದು ಅವರಿಗೆ ಬಿಟ್ಟಿದ್ದು. ನಾನು ಕೇಳುತ್ತಿರುವ ಶಿಸ್ತು ಹೊಸದೇನೂ ಅಲ್ಲ, ನಮ್ಮದೇ.

ಇವತ್ತು ಬೆಳಿಗ್ಗೆ ಎದ್ದು ಮೊದಲು ಆ ಹಿರಿಯರ ವಾಯ್ಸ್ ಹುಡುಕಿ, ಕೇಳಿ, ಅಳತೆ ಸಮೇತ ಬರೆದು ಗುಂಪಿಗೆ ಹಾಕಿದೆ. ಅದರ ಕೆಳಗೇ ಹಿಪ್ಪಲಿ ಕಸಿಯ ನನ್ನ ಕತೆಯನ್ನೂ ಬರೆದೆ. 150 ಗಿಡದ ಲೆಕ್ಕ, ಹೇಳದೆ ಬಿಟ್ಟ ನೀರಿನ ಮಾತು, ಎಲ್ಲ. ಬರೆಯುವಾಗ ಕೈ ನಡುಗಿತು. ಸೊರಬದವರು ಈಗಲೂ ಗುಂಪಿನಲ್ಲಿ ಇದ್ದಾರೆ. ಅವರು ಓದಿದ್ದಾರೆ, ಓದಿದವರ ಪಟ್ಟಿಯಲ್ಲಿ ಅವರ ಹೆಸರು ಬಂದಿದೆ. ಇನ್ನೂ ಏನೂ ಹೇಳಿಲ್ಲ.

ಹನ್ನೊಂದಕ್ಕೆ ಸ್ವಲ್ಪ ಹೊಳವಾಯಿತು. ಮಧ್ಯಾಹ್ನ ಹುಡುಗ ಫೋಟೋ ಹಾಕಿದ. ಕೊನೆಗಳ ಮೇಲೆ ನೀಲಿ ಕೂತಿದೆ, ಬುಡ ಗುಡಿಸಿದ ಹಾಗಿದೆ. ತೀರ್ಥಹಳ್ಳಿಯವರೊಬ್ಬರು "ರಾಳ ಎಷ್ಟು ಹಾಕಿದ್ರಿ?" ಅಂತ ಕೇಳಿದರು. ಅವನು ಅಲ್ಲೇ, ಎಲ್ಲರೆದುರು, ಲೆಕ್ಕ ಬರೆದ.