ಕರಾವಳಿ ಗಾಡಿಯಾದರೆ ಮೊದಲು ತಗಡು ನೋಡಿ

ಹಳೆ ಕಾರು ಕೊಳ್ಳುವವರಿಗೆ 2009ರ ಮಾರುತಿ ಆಲ್ಟೊ ವಾಸಿಯೋ, 2011ರ ವ್ಯಾಗನ್ ಆರ್ ವಾಸಿಯೋ ಎಂಬ ನಿಮ್ಮ ಲೇಖನದಲ್ಲಿ ಎರಡನ್ನೂ ಬರೀ ಬೆಲೆ, ಮೈಲೇಜಿನಲ್ಲಿ ತೂಗಿದ್ದೀರಿ. ಕಾರವಾರ, ಅಂಕೋಲಾ ಕಡೆ ಓಡಿದ ಗಾಡಿಗೆ ಅಷ್ಟು ಸಾಲದು. ಉಪ್ಪುಗಾಳಿಗೆ ಮಳೆಗಾಲದ ಕೆಸರೂ ಸೇರಿ ಬಾಗಿಲ ಕೆಳಗಿನ ಅಂಚನ್ನು ಒಳಗಿಂದಲೇ ತುಕ್ಕು ತಿಂದಿರುತ್ತದೆ. ಮ್ಯಾಟ್ ಎತ್ತಿ ಸ್ಕ್ರೂಡ್ರೈವರ್ ಹಿಡಿಯಿಂದ ತಟ್ಟಿ: ಗಟ್ಟಿ ತಗಡು ಟಣ್ ಅನ್ನುತ್ತದೆ, ಹೋದದ್ದು ಮಂಕಾಗಿ ಸದ್ದು ಮಾಡಿ ಕೆಂಪು ಪುಡಿ ಉದುರಿಸುತ್ತದೆ. ಗಾಡಿಯ ತಳಕ್ಕೆ ಹೊಸದಾಗಿ ಕಪ್ಪು ಕೋಟಿಂಗ್ ಬಳಿದಿದ್ದರೆ ತುಕ್ಕು ಮುಚ್ಚಲು ಬಳಿದಿರಬಹುದು, ಇನ್ನಷ್ಟು ಅನುಮಾನ ಪಡಿ.

ಆಲ್ಟೊದ 796 ಸಿಸಿ ಎಂಜಿನ್ನಿಗೆ ಟೈಮಿಂಗ್ ಬೆಲ್ಟ್, ಅಂದರೆ ವಾಲ್ವುಗಳನ್ನು ಸರಿಯಾದ ಹೊತ್ತಿಗೆ ತೆರೆದು ಮುಚ್ಚಿಸುವ ಪಟ್ಟಿ. ಬದಲಿಸಿದ ಬಿಲ್ ಸಿಗದಿದ್ದರೆ ಹೊಸದು ಹಾಕಿಸಿಯೇ ಓಡಿಸಿ. ವ್ಯಾಗನ್ ಆರ್‌ನ 998 ಸಿಸಿಗೆ ಅದೇ ಕೆಲಸಕ್ಕೆ ಚೈನ್. ಎಂಜಿನ್ ತಣ್ಣಗಿದ್ದಾಗ ಸ್ಟಾರ್ಟ್ ಮಾಡಿ ಗಲಗಲ ಸದ್ದು ಬರುತ್ತದೆಯೇ ಕೇಳಿ, ಬಂದರೆ ಚೈನ್ ಸವೆದಿರಬಹುದು. ನಾಲ್ಕು ಜನ ಕೂತು ದೇವಿಮನೆ ಘಟ್ಟ ಹತ್ತುವವರಿಗೆ ವ್ಯಾಗನ್ ಆರ್ ವಾಸಿ. ತಗಡು ಹೋಗಿದ್ದರೆ ಮಾತ್ರ ಅದನ್ನು ಬಿಟ್ಟು, ಗಟ್ಟಿ ಮೈಯ ಆಲ್ಟೊ ಹಿಡಿಯಿರಿ. ಆರ್‌ಸಿಯ (ನೋಂದಣಿ ಪತ್ರದ) 15 ವರ್ಷದ ಅವಧಿ ಮುಗಿದಿದ್ದರೆ ನವೀಕರಿಸಿದೆಯೇ ಎಂದೂ ನೋಡಿಕೊಳ್ಳಿ.