ನೈಂಟಿ ಮಹಾತ್ಮೆ

ಹೋದ ವಾರ ನಮ್ಮ ಎಚ್‌ಆರ್‌ನಿಂದ ಒಂದು ಸರ್ವೆ ಬಂತು. ‘ಈಗಿನ ಕೆಲಸ ನಿಮಗೆ ಹೊಂದುತ್ತಿದೆಯೇ?’ ಒಂದರಿಂದ ಐದರೊಳಗೆ ಅಂಕ ಕೊಡಬೇಕು. ‘ಉತ್ತರ ಯಾರದ್ದೆಂದು ಯಾರಿಗೂ ಗೊತ್ತಾಗುವುದಿಲ್ಲ’ ಅಂತ ದಪ್ಪ ಅಕ್ಷರದ ಭರವಸೆ ಬೇರೆ. ತೆರೆಯಲು ಮಾತ್ರ ಎಂಪ್ಲಾಯಿ ಐಡಿ ಹಾಕಬೇಕು. ಎರಡು ದಿನ ಸುಮ್ನೆ ಇದ್ದೆ. ಮೂರನೇ ದಿನ ಮೇಲ್ ಬಂತು: ‘ನೀವಿನ್ನೂ ತುಂಬಿಲ್ಲ.’

ಎಂಥ ಕಾಳಜಿ! ನಮ್ಮಪ್ಪ ಮೂವತ್ತಮೂರು ವರ್ಷ ಒಂದೇ ಇಲಾಖೆಯಲ್ಲಿ ದುಡಿದರು. ಕೆಲಸ ಹೊಂದುತ್ತಾ ಅಂತ ಅವರನ್ನು ಒಬ್ಬರೂ ಕೇಳಲಿಲ್ಲ.

ಕೇಳುವ ಕಾಲವೂ ಚೆನ್ನಾಗಿದೆ. ವಾರಕ್ಕೆ 70 ಗಂಟೆ ದುಡಿಯಿರಿ ಅಂತ 2023ರಲ್ಲಿ ನಾರಾಯಣ ಮೂರ್ತಿಯವರು ಹೇಳಿದರು. ಅದು ಅರಗುವ ಮೊದಲೇ, 2025ರ ಜನವರಿಯಲ್ಲಿ ಎಲ್ ಅಂಡ್ ಟಿ ಮುಖ್ಯಸ್ಥರ 90 ಗಂಟೆ ಬಂತು. ಭಾನುವಾರ ಮನೆಯಲ್ಲಿ ಕೂತು ಎಷ್ಟು ಹೊತ್ತು ಹೆಂಡತಿ ಮುಖ ನೋಡ್ತೀರಿ ಅಂತ ಅವರ ಪ್ರಶ್ನೆ. ನನ್ನ ಹೆಂಡತಿಗೆ ಓದಿ ಹೇಳಿದೆ. ‘ನೋಡೋದು ಆಮೇಲೆ ಇರಲಿ, ಮೊದಲು ಹಾಲು ಉಕ್ಕದ ಹಾಗೆ ನೋಡ್ಕೊಳ್ಳಿ’ ಅಂದಳು.

ಲೆಕ್ಕ ಹಾಕಿದೆ. ವಾರಕ್ಕೆ 168 ಗಂಟೆ. 90 ಆಫೀಸಿಗೆ. ದಿನಕ್ಕೆ ಏಳರಂತೆ ನಿದ್ದೆಗೆ 49. ಔಟರ್ ರಿಂಗ್ ರೋಡಿಗೆ ದಿನಕ್ಕೆ ಮೂರರಂತೆ 21. ಉಳಿದದ್ದು ಎಂಟು. ಅದರಲ್ಲಿ ಊಟ, ಸ್ನಾನ, ಮಗಳ ಹೋಮ್‌ವರ್ಕ್, ಹೆಂಡತಿಯ ಮುಖ.

ನಮ್ಮ ಕಡೆ ನೈಂಟಿ ಅಂದ್ರೆ ಸಂಜೆ ಬಾರಿನಲ್ಲಿ ಕೇಳುವ ಅಳತೆ. ಐಟಿಯವರಿಗೆ ಇನ್ನೊಂದು ನೈಂಟಿ ಇದೆ, ನೋಟಿಸ್ ಪೀರಿಯಡ್. ಕೆಲಸ ಹೊಂದಲ್ಲ ಅಂತ ಇವತ್ತು ಗೊತ್ತಾದರೆ ಬಿಡೋಕೆ 90 ದಿನ. ಹೊಸ ಕಂಪನಿಗೆ ಫೋನ್ ಮಾಡಿದರೆ ‘ತಕ್ಷಣ ಸೇರುವವರು ಬೇಕು’ ಅನ್ನುತ್ತಾರೆ. ಅವರ ಕಂಪನಿಯಲ್ಲಿ ನೋಟಿಸ್ ಎಷ್ಟು ದಿನ ಅಂದರೆ, ತೊಂಬತ್ತು! ಎಲ್ಲರಿಗೂ ಬೇರೆಯವರ ಮನೆಯಿಂದ ಓಡಿಬರುವವರೇ ಬೇಕು, ತಮ್ಮ ಮನೆ ಬಾಗಿಲಿಗೆ ಮಾತ್ರ ಬೀಗ. ಮೂರು ನೈಂಟಿಗಳಲ್ಲಿ ಬೇಡ ಅಂದರೆ ಬಿಟ್ಟು ಏಳಬಹುದಾದದ್ದು ಬಾರಿನದೊಂದೇ.

ಪಕ್ಕದ ಸೀಟಿನವನು ಅವನದ್ದೇ ಪರಿಹಾರ ಕಂಡುಕೊಂಡಿದ್ದಾನೆ. ಎಲ್ಲಾ ಬಿಟ್ಟು ಊರಿಗೆ ಹೋಗಿ ಹಸು ಸಾಕ್ತಾನಂತೆ. ಪ್ರತಿ ಅಪ್ರೈಸಲ್ ಮುಗಿದ ಮೇಲೂ ಅವನ ಹಟ್ಟಿಯಲ್ಲಿ ಎರಡು ಹಸು ಜಾಸ್ತಿ ಆಗುತ್ತವೆ. ಈಗ ಹನ್ನೆರಡಿವೆ, ಎಲ್ಲವೂ ಎಕ್ಸೆಲ್‌ನಲ್ಲಿ. ಆಸೆಯಾಗಿ ನಾನೂ ಅಮ್ಮನಿಗೆ ಫೋನ್ ಮಾಡಿದೆ. ಅವಳು ಹಾಸನದ ಕಡೆ ನಿಜವಾದ ಎರಡು ಹಸು ಕಟ್ಟಿಕೊಂಡು ಡೈರಿಗೆ ಹಾಲು ಹಾಕುವವಳು. ‘ಬಾರಪ್ಪ’ ಅಂದಳು. ‘ಬೆಳಗ್ಗೆ ಐದಕ್ಕೆ ಎದ್ದು ಸಗಣಿ ಬಾಚು. ಹಬ್ಬ ಆಗ್ಲಿ, ಜ್ವರ ಬರ್ಲಿ, ಎರಡು ಹೊತ್ತು ಹಾಲು ಕರೀಬೇಕು. ಹಸೂಗೆ ಭಾನುವಾರ ಇಲ್ಲ ಕಣೋ.’ ಆ 90 ಗಂಟೆಯವರಿಗೆ ಬೇಕಾದದ್ದು ಎಂಜಿನಿಯರ್ ಅಲ್ಲ, ನಮ್ಮಮ್ಮ. ಆದರೆ ಅವಳು ಹಸುವಿನ ಮುಖವನ್ನೂ ನೋಡುತ್ತಾಳೆ.

ನಗೋಕೂ ಈಗ ಸುಸ್ತು. ವಾರಕ್ಕೆ 48 ಗಂಟೆ ಅಂತ ಕಾರ್ಖಾನೆಯವರಿಗೆ 1948ರಲ್ಲೇ ಕಾಯ್ದೆ ಮಾಡಿದರು. ನಮ್ಮ ರಾಜ್ಯದಲ್ಲಿ 2024ರಲ್ಲಿ ಐಟಿಯವರಿಗೆ ದಿನಕ್ಕೆ 14 ಗಂಟೆಯ ಪ್ರಸ್ತಾವ ಬಂತು. ಕೆಲಸದ ಹೊತ್ತು, ರಜೆ, ವಜಾದ ನಿಯಮಗಳನ್ನು ಬರೆದಿಡಬೇಕು ಅನ್ನುವ ಸ್ಥಾಯಿ ಆದೇಶಗಳ ಕಾಯ್ದೆಯಿಂದ ಐಟಿ ಕಂಪನಿಗಳಿಗೆ ಇದ್ದ ವಿನಾಯಿತಿಯನ್ನು ಅದೇ ವರ್ಷ ಇನ್ನೂ ಐದು ವರ್ಷಕ್ಕೆ ಮುಂದುವರಿಸಿದರು. ನಾನು ಮನೆಗೆ ಹೋಗುವಷ್ಟರಲ್ಲಿ ಮಗಳು ಮಲಗಿರುತ್ತಾಳೆ. ಹೋಮ್ ಲೋನ್ ಇನ್ನೂ ಹದಿನಾಲ್ಕು ವರ್ಷ ಇದೆ. ಕೆಲಸ ಹೊಂದುತ್ತಾ ಅಂತ ನನ್ನನ್ನೇನು ಕೇಳ್ತೀರಿ? ಬ್ಯಾಂಕಿನವರನ್ನು ಕೇಳಿ.

ಇದನ್ನೆಲ್ಲ ಸರ್ವೆಯ ಕೊನೆಯ ಪೆಟ್ಟಿಗೆಯಲ್ಲಿ ಬರೆದೆ. ಮ್ಯಾನೇಜರ್ ಹಿಂದಿನಿಂದ ಹಾದುಹೋದರು. ಅಳಿಸಿದೆ. ನಾಲ್ಕು ಅಂಕ ಕೊಟ್ಟು, ‘ಕಾಫಿ ಮೆಷಿನ್ ಸರಿ ಇಲ್ಲ’ ಅಂತಷ್ಟೇ ಬರೆದು ಕಳಿಸಿದೆ.

ಸೋಮವಾರ ಬೆಳಗ್ಗೆ ರಿಪೇರಿ ಹುಡುಗ ಟೂಲ್ ಬ್ಯಾಗ್ ಹಿಡಿದು ಸೀದಾ ನನ್ನ ಟೇಬಲ್ಲಿಗೇ ಬಂದ.

‘ಸಾರ್, ಯಾವ ಮೆಷಿನ್?’