ಕೃಷಿ ಹೊಂಡಕ್ಕೆ ದುಡ್ಡು ಬಂತು, ನೀರು ಎಲ್ಲಿಂದ ಬರಬೇಕು?

ಮಳೆನೀರು ಹಿಡಿದಿಡುವ ಕೃಷಿ ಹೊಂಡಕ್ಕೆ ರಾಜ್ಯ ಸರ್ಕಾರ ಸಹಾಯಧನ ಕೊಡುವ ಯೋಜನೆಯೇ ಕೃಷಿ ಭಾಗ್ಯ. ಚಿತ್ರದುರ್ಗ ಜಿಲ್ಲೆಯಲ್ಲಿ ಅದಕ್ಕೆ ಅರ್ಜಿ ಹಾಕಬೇಕು ಅಂತಿರುವವರು ಇದನ್ನು ಪೂರ್ತಿ ಓದಿ. ಚಳ್ಳಕೆರೆ, ಮೊಳಕಾಲ್ಮೂರು, ಹಿರಿಯೂರು ಕಡೆಯ ಮಳೆಯಾಶ್ರಿತ ಹೊಲಕ್ಕೆ ಈ ಯೋಜನೆ ನಿಜಕ್ಕೂ ಬೇಕು. 2014ರಲ್ಲಿ ಶುರುವಾಗಿ, ನಡುವೆ ಕುಂಟಿ, 2023-24ರಲ್ಲಿ ಮತ್ತೆ ಜೀವ ಪಡೆದದ್ದು ಒಳ್ಳೆಯದೇ ಆಯಿತು. ಹೊಂಡ ತೆಗೆಯಲು, ಪಾಲಿಥಿನ್ ಹೊದಿಸಲು ಸಾಮಾನ್ಯ ವರ್ಗಕ್ಕೆ ಶೇ. 80, ಪರಿಶಿಷ್ಟರಿಗೆ ಶೇ. 90 ಸಹಾಯಧನ ಸಣ್ಣ ಮಾತಲ್ಲ. ನನ್ನ ತಕರಾರು ಒಂದೇ. ಗುಂಡಿಗೆ ದುಡ್ಡು ಕೊಡುತ್ತಾರೆ, ಆ ಗುಂಡಿಗೆ ನೀರು ಹರಿದು ಬರುವ ದಾರಿಯನ್ನು ಯಾರೂ ನೋಡುವುದಿಲ್ಲ.

ಲೆಕ್ಕ ಹಾಕೋಣ. 15 ಮೀಟರ್ ಉದ್ದ, 15 ಮೀಟರ್ ಅಗಲ, 3 ಮೀಟರ್ ಆಳದ ಹೊಂಡ ಅಂದಕೂಡಲೇ ಹಲವರು ಗುಣಿಸಿ 6.75 ಲಕ್ಷ ಲೀಟರ್ ಅನ್ನುತ್ತಾರೆ. ತಪ್ಪು. ಬದಿಗಳು 1:1 ಇಳಿಜಾರಿದ್ದರೆ, ಅಂದರೆ ಒಂದು ಮೀಟರ್ ಆಳಕ್ಕೆ ಒಂದು ಮೀಟರ್ ಒಳಸರಿದರೆ, ತಳದಲ್ಲಿ ಉಳಿಯುವುದು 9 ಮೀಟರ್ ಚೌಕ ಮಾತ್ರ, ಹಿಡಿಯುವ ನೀರು 4.41 ಲಕ್ಷ ಲೀಟರ್. ಎರಡೂವರೆ ಎಕರೆ ಮೇಲೆ 25 ಮಿ.ಮೀ. ಮಳೆ ಬಿದ್ದು ಅದರಲ್ಲಿ ಐದನೇ ಒಂದು ಪಾಲು ಹರಿದು ಬಂದರೂ ಹೊಂಡಕ್ಕೆ ಸೇರುವುದು 50 ಸಾವಿರ ಲೀಟರ್. ಅಂಥ ಒಂಬತ್ತು ಮಳೆ ಬಂದರೆ ಹೊಂಡ ಒಮ್ಮೆ ತುಂಬುತ್ತದೆ. ನಮ್ಮ ಸೀಮೆಯಲ್ಲಿ ಅಷ್ಟು ಹದವಾದ ಮಳೆ ಒಂದೇ ಹಂಗಾಮಿನಲ್ಲಿ ಎಷ್ಟು ಸಲ ಬಂದೀತು? ಹಾಗಾಗಿ ಮೇಲಿನ ಹೊಲದ ನೀರೂ ಇಳಿದು ಬರುವ ಜಾಗದಲ್ಲೇ ಹೊಂಡ ಇರಬೇಕು. ಉಳುಮೆಗೆ ಅಡ್ಡಿಯಾಗಬಾರದು ಅಂತ ಎತ್ತರದ ಮೂಲೆಯಲ್ಲಿ ತೋಡಿಸಿದ ಹೊಂಡ ಎಂದೂ ತುಂಬುವುದಿಲ್ಲ. ಸಹಾಯಧನ ಸಿಗುತ್ತದೆ ಅಂತ 21 ಮೀಟರಿನ ಹೊಂಡಕ್ಕೆ ಆಸೆಪಡುವ ಮೊದಲು ನಿಮ್ಮ ಹೊಲಕ್ಕೆ ಎಷ್ಟು ಎಕರೆಯ ನೀರು ಬರುತ್ತದೆ ನೋಡಿ. ಅದನ್ನು ತುಂಬಲು 9.8 ಲಕ್ಷ ಲೀಟರ್ ಬೇಕು.

ಇನ್ನು ಬದು. ಬದುವನ್ನು ಸರ್ವೆ ನಂಬರಿನ ಗಡಿಗೆ ಹಾಕುವುದು ರೂಢಿ, ಏಕೆಂದರೆ ಅಳತೆಗೆ ಸುಲಭ, ಪಕ್ಕದವರ ತಕರಾರೂ ಇಲ್ಲ. ಆದರೆ ಇಳಿಜಾರಿಗೆ ಅಡ್ಡ ಹಾಕದ ಬದು ನೀರನ್ನು ಒಂದು ಮೂಲೆಗೆ ನೂಕಿ ಅಲ್ಲೇ ಒಡೆಯುತ್ತದೆ. ಹೆಚ್ಚಾದ ನೀರು ಹೊರಹೋಗಲು ಕಲ್ಲು ಹೊದಿಸಿದ ಕೋಡಿ ಬಿಟ್ಟು, ಆ ಕೋಡಿಯಿಂದ ಹೊಂಡದವರೆಗೆ ಕಾಲುವೆ ಎಳೆಯಬೇಕು. ಹೊಂಡದ ಬಾಯಿಗಿಂತ ಮೊದಲು ಒಂದು ಹೂಳು ಗುಂಡಿ ಬೇಕೇ ಬೇಕು. ಒಂದೂವರೆ ಮೀಟರ್ ಚೌಕ, ಒಂದು ಮೀಟರ್ ಆಳ ಸಾಕು. ಪ್ರತಿ ದೊಡ್ಡ ಮಳೆಯ ನಂತರ ಅದರ ಮಣ್ಣು ತೆಗೆದು ಹೊಲಕ್ಕೆ ಚೆಲ್ಲಿ. ಅದಿಲ್ಲದಿದ್ದರೆ ಆ ಹೂಳೆಲ್ಲ ಪಾಲಿಥಿನ್ ಮೇಲೆ ಕೂರುತ್ತದೆ. ಆಮೇಲೆ ಸಲಿಕೆ ಇಳಿಸಿದರೆ ಹಾಳೆ ಹರಿಯುತ್ತದೆ, ಇಳಿಸದಿದ್ದರೆ ಹೊಂಡವೇ ತುಂಬಿಹೋಗುತ್ತದೆ.

ಎರೆ ನೆಲದಲ್ಲಿ ನೀರು ಬೇಗ ಇಂಗುವುದಿಲ್ಲ, ಹಾಳೆಯ ಖರ್ಚು ಸಾಮಾನ್ಯವಾಗಿ ದಂಡ. ಕೆಂಪು ಮಸಾರಿಗೆ ಮಾತ್ರ ಹಾಳೆ ಬೇಕು, 500 ಮೈಕ್ರಾನಿನದು, ಅಂದರೆ ಅರ್ಧ ಮಿ.ಮೀ. ದಪ್ಪದ್ದು. 15 ಮೀಟರ್ ಹೊಂಡಕ್ಕೆ ಅಂಚು ಹೂಳುವ ಭಾಗವೂ ಸೇರಿ 19.5 ಮೀಟರ್ ಚೌಕ, ಅಂದರೆ ಸುಮಾರು 380 ಚದರ ಮೀಟರ್ ಹಿಡಿಯುತ್ತದೆ. ಸರಬರಾಜು ಮಾಡುವವರು ತಂದ ಹಾಳೆಯನ್ನು ಟೇಪು ಹಿಡಿದು ಅಳೆದೇ ಸಹಿ ಹಾಕಿ. ಹಾಸುವ ಮೊದಲು ಜಾಲಿ ಬೇರು, ಚೂಪುಗಲ್ಲು ಆರಿಸಿ, ಬದಿಗಳನ್ನು ದಿಮ್ಮಸ ಹೊಡೆದು, ಜರಡಿ ಹಿಡಿದ ಮಣ್ಣು ಬಳಿಯಿರಿ. ಬೆಳಗಿನ ತಂಪಿನಲ್ಲಿ ಸ್ವಲ್ಪ ಸಡಿಲವಾಗಿ ಹಾಸಬೇಕು. ನಡುಮಧ್ಯಾಹ್ನ ಬಿಸಿಗೆ ಹಿಗ್ಗಿದ ಹಾಳೆಯನ್ನು ಬಿಗಿಯಾಗಿ ಎಳೆದು ಅಂಚು ಹೂತರೆ, ರಾತ್ರಿ ಅದು ಕುಗ್ಗಿ ಬೆಸುಗೆ ಬಿಡುತ್ತದೆ. ಬೇಸಿಗೆಯಲ್ಲೂ ತಳದಲ್ಲಿ ಒಂದಡಿ ನೀರು ಉಳಿಸಿಕೊಂಡರೆ ಗಾಳಿಗೆ ಹಾಳೆ ಏಳುವುದಿಲ್ಲ.

ಕಾಗದಪತ್ರದ ವಿಷಯ ಚುಟುಕಾಗಿ ಹೇಳುತ್ತೇನೆ. ಹೋಬಳಿಯ ರೈತ ಸಂಪರ್ಕ ಕೇಂದ್ರದಲ್ಲಿ ಅರ್ಜಿ. ಕನಿಷ್ಠ ಒಂದು ಎಕರೆ ಜಮೀನು, ಪಹಣಿ, ಆಧಾರ್, ಬ್ಯಾಂಕ್ ಪಾಸ್‌ಬುಕ್, ಫ್ರೂಟ್ಸ್ ಐಡಿ (ಸರ್ಕಾರದ ರೈತ ನೋಂದಣಿ ಸಂಖ್ಯೆ). ಆ ಐಡಿಗೆ ನಿಮ್ಮ ಎಲ್ಲ ಸರ್ವೆ ನಂಬರ್ ಸೇರಿದೆಯೇ ನೋಡಿಕೊಳ್ಳಿ. ಪಹಣಿ ಇನ್ನೂ ತೀರಿಹೋದ ತಂದೆಯ ಹೆಸರಲ್ಲಿದ್ದರೆ ಮೊದಲು ಪೌತಿ ಖಾತೆ ಮಾಡಿಸಿ. ಜಂಟಿ ಖಾತೆಯಾದರೆ ಉಳಿದವರ ಒಪ್ಪಿಗೆ ಪತ್ರ ಬೇಕು. ಕೆಲಸ ಶುರು ಮಾಡಿ ಅಂತ ಇಲಾಖೆ ಕೊಡುವ ಕಾರ್ಯಾದೇಶ ಕೈಗೆ ಬರುವ ಮುಂಚೆ ಜೆಸಿಬಿ ಕರೆಸಬೇಡಿ. ಕೆಲಸಕ್ಕೆ ಮುಂಚಿನ ಫೋಟೊ ಇಲ್ಲದೆ ಬಿಲ್ ಆಗುವುದಿಲ್ಲ.

ತುಂಬಿದ ಹೊಂಡದ ನೀರನ್ನು ಎಲ್ಲಕ್ಕೂ ಹಂಚಲು ಹೋಗಬೇಡಿ. ಒಂದು ಎಕರೆಗೆ ಒಂದಂಗುಲ ನೀರು ಕೊಡಲು ಸುಮಾರು ಒಂದು ಲಕ್ಷ ಲೀಟರ್ ಬೇಕು. ದಿನಕ್ಕೆ 5 ಮಿ.ಮೀ. ಆವಿಯಾದರೆ 15 ಮೀಟರಿನ ಹೊಂಡದಿಂದ ತಿಂಗಳಿಗೆ 33 ಸಾವಿರ ಲೀಟರ್ ಸುಮ್ಮನೆ ಹೋಗುತ್ತದೆ. ಎಕರೆ ಶೇಂಗಾಕ್ಕೆ ಹೂವಾಡಿ ಕಾಯಿ ಕಟ್ಟುವ ಹೊತ್ತಿನಲ್ಲಿ ಸ್ಪ್ರಿಂಕ್ಲರಿನಿಂದ ಎರಡು ಮೂರು ಸಲ ಹಾಯಿಸಿದರೆ ಬೆಳೆ ಕೈಗೆ ಹತ್ತುತ್ತದೆ. ಇಡೀ ಐದೆಕರೆಗೆ ಚಿಮುಕಿಸಿದರೆ ಎಲ್ಲಿಗೂ ಸಾಲುವುದಿಲ್ಲ.

ಬೇಲಿಯ ಬಗ್ಗೆ ಗಟ್ಟಿಯಾಗಿಯೇ ಹೇಳಬೇಕು. ನೆನೆದ ಹಾಳೆಯ ಮೇಲೆ ಕಾಲು ನಿಲ್ಲುವುದಿಲ್ಲ, ಈಜು ಬಲ್ಲವರೂ ಹತ್ತಿ ಬರಲಾರರು. ರಾಜ್ಯದಲ್ಲಿ ಎಷ್ಟೋ ಮಕ್ಕಳು ಹೀಗೆ ಹೋಗಿದ್ದಾರೆ. ಆದರೂ ಬೇಲಿಗೆ ಸಹಾಯಧನ ಶೇ. 40, ಪರಿಶಿಷ್ಟರಿಗೆ ಶೇ. 50 ಮಾತ್ರ. ಇದು ಪೂರ್ತಿ ಸರ್ಕಾರದ್ದೇ ಆಗಬೇಕು. ಅಲ್ಲಿಯವರೆಗೆ ನಾಲ್ಕೂ ಬದಿಗೆ ಗಂಟು ಹಾಕಿದ ದಪ್ಪ ಹಗ್ಗವನ್ನು ಗೂಟಕ್ಕೆ ಕಟ್ಟಿ ತಳದವರೆಗೆ ಇಳಿಬಿಡಿ, ಗಾಳಿ ತುಂಬಿದ ಟ್ಯೂಬೊಂದನ್ನು ತೇಲಿಬಿಡಿ.

ಇಲಾಖೆಯನ್ನು ಕೇಳಬೇಕಾದ್ದು ಎರಡು. ಕಾರ್ಯಾದೇಶ ಸಂಕ್ರಾಂತಿಯೊಳಗೆ ಕೊಟ್ಟರೆ ಯುಗಾದಿಗೆ ಹೊಂಡ ಮುಗಿದು ಭರಣಿ, ಕೃತ್ತಿಕೆ ಮಳೆಯ ನೀರು ಸಿಗುತ್ತದೆ. ಮಾರ್ಚ್ ಕೊನೆಯ ಬಿಲ್ಲಿನ ಅವಸರದಲ್ಲಿ ತೋಡಿದ ಹೊಂಡಕ್ಕೆ ಕಾಲುವೆಯೂ ಇರುವುದಿಲ್ಲ, ಹೂಳು ಗುಂಡಿಯೂ ಇರುವುದಿಲ್ಲ. ಎರಡನೆಯದು, ಸಹಾಯಧನದ ಒಂದು ಸಣ್ಣ ಕಂತನ್ನು ಒಂದು ಮಳೆಗಾಲ ಕಳೆಯುವವರೆಗೆ ತಡೆಹಿಡಿಯಲಿ. ಅಧಿಕಾರಿಗಳು ಮತ್ತೆ ಬಂದು ಹೊಂಡದಲ್ಲಿ ಎಷ್ಟು ನೀರು ನಿಂತಿದೆ, ಹೂಳು ತೆಗೆದಿದ್ದಾರೆಯೇ, ಬೇಲಿ ಇದೆಯೇ ಎಂದು ನೋಡಿ ಆಮೇಲೆ ಅದನ್ನು ಬಿಡುಗಡೆ ಮಾಡಲಿ.